ಚೆಂಡುಹೂವಿನ ಮುಯ್ಯಿ ಮತ್ತು ಕೆಳಗಿನ ಬೀದಿಯ ಮೋಟಾರು

ಇವರಿಗೆ,
ಮಾನ್ಯ ಓದುಗರು,
ತಾವಿರುವ ಸ್ಥಳ.

ವಿಷಯ: ನಮ್ಮ ಗ್ರಾಮ ಪಂಚಾಯಿತಿಯ ಸಭೆಯು ಕೊನೆಗೂ ನಡೆದ ಬಗ್ಗೆ.

ಮಾನ್ಯರೇ,

ಮೊದಲಿಗೆ ತಮ್ಮ ಕ್ಷಮೆ ಕೋರುತ್ತೇನೆ. ನನ್ನ ಅಕ್ಷರ ದುಂಡಗಿಲ್ಲ, ಕಾಗುಣಿತದ ಮೇಲೆ ನನಗೇ ಭರವಸೆಯಿಲ್ಲ, ಮತ್ತು ನಾನು ಬರೆಯುವ ಸಾಲುಗಳು ಹಾಳೆಯ ಬಲಗಡೆಗೆ ಬರುತ್ತಿದ್ದಂತೆ ಗೋಪಾಲಸ್ವಾಮಿ ಬೆಟ್ಟ ಹತ್ತುವ ಬಸ್ಸಿನಂತೆ ಮೇಲೇರುತ್ತವೆ. ಅಧ್ಯಕ್ಷೆಯಾದ ಹೊಸದರಲ್ಲಿ ಚಾಮರಾಜನಗರದಲ್ಲಿ ನಮಗೆ ತರಬೇತಿ ಕೊಟ್ಟರು. ಅಲ್ಲಿ ಪತ್ರ ಮತ್ತು ನಡಾವಳಿ ಬರೆಯುವ ಕ್ರಮವನ್ನು ಹೇಳಿಕೊಟ್ಟರೇ ಹೊರತು ನೆನಪುಗಳನ್ನು ಬರೆಯುವ ಕ್ರಮವನ್ನು ಹೇಳಿಕೊಡಲಿಲ್ಲ. ಆದ್ದರಿಂದ ತಿಳಿದಿರುವ ಕ್ರಮದಲ್ಲಿಯೇ ನಿವೇದಿಸಿಕೊಳ್ಳುತ್ತಿದ್ದೇನೆ.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಅವಗಾಹನೆಗೆ ತರುವುದೇನೆಂದರೆ, ನಮ್ಮದು ಗುಂಡ್ಲುಪೇಟೆ ತಾಲ್ಲೂಕಿನಲ್ಲಿ ತೆರಕಣಾಂಬಿ ಕಡೆಯ ಒಂದು ಊರು. ಗ್ರಾಮ ಪಂಚಾಯಿತಿ ಚುನಾವಣೆಗೆ ಪಕ್ಷಗಳಿಲ್ಲವೆಂದು ಕಾನೂನು ಹೇಳುತ್ತದೆ. ನಮ್ಮ ಊರಿನಲ್ಲಾದರೋ ಟೀ ಅಂಗಡಿಗಳಿಗೂ ಪಕ್ಷವಿದೆ. ಪಂಚಾಯಿತಿ ಕಚೇರಿಯ ಪಕ್ಕದ ಅಂಗಡಿ ನಮ್ಮವರದು, ರಸ್ತೆಯಾಚೆಯದು ಎದುರು ಪಕ್ಷದವರದು. ನಾನು ಚುನಾವಣೆಗೆ ನಿಂತ ಸಲ ಎರಡೂ ಕಡೆಯವರು ಸರಿಸಮವಾಗಿ ಗೆದ್ದರು. ಅಧ್ಯಕ್ಷ ಸ್ಥಾನವು ಮಹಿಳೆಗೆ ಮೀಸಲಾಗಿತ್ತು. ಮತಗಳೂ ಸಮನಾಗಿ ಬಿದ್ದುದರಿಂದ ಚೀಟಿ ಎತ್ತಿಸಿದರು, ನನ್ನ ಹೆಸರು ಬಂತು. ಚೀಟಿಯಲ್ಲಿ ಗೆದ್ದವಳ ಸಭೆಗೆ ಕಾಲಿಡುವುದಿಲ್ಲವೆಂದು ಎದುರು ಪಕ್ಷದವರು ಅಂದೇ ಬಹಿಷ್ಕಾರ ಸಾರಿದರು.

ಅವರಿಲ್ಲದೆಯೂ ಸಭೆ ನಡೆಸಬಹುದಿತ್ತು, ಏಕೆಂದರೆ ಸಭೆಗೆ ಬೇಕಾದ ಕೋರಂ ಎಂದರೆ ಅರ್ಧದಷ್ಟು ಸದಸ್ಯರು. ಆದರೆ ನಮ್ಮ ಕಡೆಯ ಸದಸ್ಯೆಯೊಬ್ಬರು ಮಗಳ ಬಾಣಂತನಕ್ಕೆಂದು ಹೋಗಿ ಅಲ್ಲಿಯೇ ಉಳಿದುಬಿಟ್ಟರು. ಹೀಗಾಗಿ ಸಭೆ ಕರೆದಾಗಲೆಲ್ಲ ಒಂದು ತಲೆ ಕಡಿಮೆ. ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳು ಗಡಿಯಾರ ನೋಡುವರು, ನಾನು ಬಾಗಿಲು ನೋಡುವೆನು, ಕೊನೆಗೆ ಎಲ್ಲರಿಗೂ ತರಿಸಿದ್ದ ಬನ್ನು ತಿಂದು ಏಳುವೆವು.

ಇದರ ನಡುವೆ ಕೆಳಗಿನ ಬೀದಿಯ ಕೊಳವೆಬಾವಿಯ ಮೋಟಾರು ಸುಟ್ಟುಹೋಯಿತು. ಹೊಸದನ್ನು ಇಳಿಸಲು ಸಭೆಯ ನಿರ್ಣಯ ಬೇಕು. ಕೆಳಗಿನ ಬೀದಿ ನನ್ನದೇ ಬೀದಿ, ನನಗೆ ಮತ ಹಾಕಿದವರ ಬೀದಿ. ಅಲ್ಲಿಯ ಹೆಂಗಸರು ಹೆದ್ದಾರಿ ದಾಟಿ, ಯಾರದೋ ತೋಟದ ಪಂಪ್‌ಸೆಟ್ಟಿನಿಂದ ನೀರು ಹೊತ್ತು ತರುತ್ತಿದ್ದರು. ಅಧ್ಯಕ್ಷೆಯೂ ಅದೇ ಸಾಲಿನಲ್ಲಿ ಕೊಡ ಹಿಡಿದು ನಿಲ್ಲುತ್ತಿದ್ದಳು. ಮುಂದಿದ್ದವರೆಲ್ಲ ಬಹಳ ಮರ್ಯಾದೆಯಿಂದ ಪಕ್ಕಕ್ಕೆ ಸರಿದು, "ಅಧ್ಯಕ್ಷರು ಮೊದ್ಲು ಇಡ್ಕೊಳಿ" ಎನ್ನುತ್ತಿದ್ದರು. ಅದಕ್ಕಿಂತ ಬೈದಿದ್ದರೇ ವಾಸಿಯಿತ್ತು.

ಆಗ ನಮ್ಮ ಹೂವು ಹೋಗುವ ಕೇರಳದಲ್ಲಿ ಓಣಂ ಹಬ್ಬ ಸಮೀಪಿಸಿ ಚೆಂಡುಹೂವಿನ ಕೊಯ್ಲು ಜೋರಾಗಿತ್ತು. ನಮ್ಮಲ್ಲಿ ಕೊಯ್ಲಿಗೆ ಮುಯ್ಯಾಳಿನ ಪದ್ಧತಿಯಿದೆ. ಇಂದು ನಾನು ನಿಮ್ಮ ಹೊಲದಲ್ಲಿ ಕೊಯ್ದರೆ ಇನ್ನೊಂದು ದಿನ ನೀವು ಬಂದು ನನ್ನ ಹೊಲದಲ್ಲಿ ಕೊಯ್ದು ಆ ಮುಯ್ಯಿಯನ್ನು ತೀರಿಸಬೇಕು. ಕೂಲಿಯಿಲ್ಲ, ಬರವಣಿಗೆಯಿಲ್ಲ. ತೀರಿಸದ ಮನೆಯ ಹೊಲಕ್ಕೆ ಮುಂದಿನ ಕೊಯ್ಲಿನಲ್ಲಿ ಒಬ್ಬರೂ ಇಳಿಯುವುದಿಲ್ಲ. ಮುಯ್ಯಾಳಿಗೆ ಮಾತ್ರ ನಮ್ಮ ಊರಿನಲ್ಲಿ ಪಕ್ಷವಿಲ್ಲ. ನನ್ನ ಜೋಡಿಯಾಗಿದ್ದವರು ಎದುರು ಪಕ್ಷದ ಸದಸ್ಯೆ. ವಯಸ್ಸಿನಲ್ಲಿ ಹಿರಿಯರು, ನಾನು ಅವರನ್ನು ಅಕ್ಕ ಎನ್ನುತ್ತೇನೆ. ಕಚೇರಿಯ ಮುಂದೆ ಎದುರಾದರೆ ಮುಖ ತಿರುಗಿಸುವ ಅಕ್ಕ, ಹೊಲದಲ್ಲಿ ತಮ್ಮ ಎಲೆ ಅಡಿಕೆಯಲ್ಲಿ ಅರ್ಧ ನನಗೆ ಕೊಡುತ್ತಿದ್ದರು.

ಆ ವರ್ಷ ಅವರ ಹೊಲವನ್ನು ಕೊಯ್ದು ಮುಗಿಸಿದೆವು. ನನ್ನ ಹೊಲದ ಸರದಿ ಬರುವಷ್ಟರಲ್ಲಿ ಬಿಡದೆ ಮಳೆ ಹಿಡಿದು ನನ್ನ ಹೂವೆಲ್ಲ ಗಿಡದಲ್ಲಿಯೇ ಕೊಳೆಯಿತು. ಅಕ್ಕನಿಗೆ ನನಗಿಂತಲೂ ಹೆಚ್ಚು ಸಂಕಟವಾಯಿತು.

"ನಿನ್ ಒಲ್ದಲ್ಲಿ ಊವೇ ಇಲ್ವಲ್ಲಮ್ಮಿ, ನಿನ್ ಮುಯ್ಯ ನಾನು ಎಲ್ಲಿ ತೀರ್ಸ್ಲಿ?" ಎಂದರು.

ಏನೋ ಹೊಳೆದು, "ಸೋಮ್ವಾರ ಸಭೆಲಿ ಬಂದು ಕುತ್ಕೋ ಅಕ್ಕ, ತೀರೋಯ್ತದೆ" ಎಂದೆ.

ಅವರು ನಗಲಿಲ್ಲ. ಎಲೆಗೆ ಸುಣ್ಣ ಹಚ್ಚಿ, ಮಡಿಸಿ ಬಾಯಿಗಿಟ್ಟರು. ಬಳಿಕ, ಕುಳಿತುಕೊಳ್ಳುವುದು ಮಾತ್ರ ಮುಯ್ಯಿಗೆ ಸೇರಿದ್ದು, ಬಾಯಿ ತಮ್ಮದೇ ಎಂದು ಷರತ್ತು ಹಾಕಿದರು. ನಾನು ಒಪ್ಪಿದೆ.

ಸೋಮವಾರ ಅಕ್ಕನ ಯಜಮಾನರು ಎಂದಿನಂತೆ ತಮ್ಮ ಕಡೆಯ ಗಂಡಸರೊಡನೆ ರಸ್ತೆಯಾಚೆಯ ಟೀ ಅಂಗಡಿಯಲ್ಲಿ ಕುಳಿತು ಬಹಿಷ್ಕಾರ ನಡೆಸುತ್ತಿದ್ದರು. ಇಲ್ಲೊಂದು ಅಂಶವನ್ನು ಸ್ಪಷ್ಟಪಡಿಸಬೇಕಾಗಿದೆ. ಆ ಗಂಡಸರಲ್ಲಿ ಅರ್ಧ ಜನ ಸದಸ್ಯರೇ ಅಲ್ಲ, ಸದಸ್ಯೆಯರ ಗಂಡಂದಿರು. ಹಿಂದಿನಿಂದಲೂ ಹೆಂಡತಿಯರ ಕುರ್ಚಿಯಲ್ಲಿ ತಾವೇ ಕುಳಿತು ಬಂದವರಾದ್ದರಿಂದ, ತಾವು ಎದ್ದು ಹೋದರೆ ಕುರ್ಚಿ ಖಾಲಿಯಾಯಿತೆಂದು ತಿಳಿದಿದ್ದರು. ಹೆಂಡತಿಯರಿಗೂ ಒಂದು ಮಾತು ಹೇಳಬೇಕೆಂದು ಯಾರಿಗೂ ತೋಚಿರಲಿಲ್ಲ. ನಮ್ಮ ಪಕ್ಷದ ಗಂಡಂದಿರೂ ಇದರಲ್ಲಿ ಹಿಂದೆ ಬಿದ್ದವರಲ್ಲವೆಂದು ನ್ಯಾಯವಾಗಿ ದಾಖಲಿಸುತ್ತೇನೆ.

ಮಳೆಗೆ ಸಿಗದೆ ಉಳಿದ ಯಾರದೋ ಹೊಲದ ಹೂವಿನ ಮೂಟೆ ತುಂಬಿದ ಆಟೋ ಬಂದು ನಿಂತಿತು. ಅಕ್ಕ ಮೂಟೆಗಳ ಮೇಲಿಂದ ಇಳಿದರು. ಯಜಮಾನರು ಆಕೆಯನ್ನು ನೋಡಿದರು, ಮನೆಯ ಬೀಗದ ಕೈ ಕೇಳಲು ಬಂದಿರಬೇಕೆಂದು ಜೇಬಿನಿಂದ ತೆಗೆದು ಹಿಡಿದರು. ಅಕ್ಕ ಅತ್ತ ನೋಡದೆ ನೇರವಾಗಿ ಕಚೇರಿಯೊಳಗೆ ಬಂದು, ಕೈಗಂಟಿದ ಹಳದಿಯನ್ನು ಸೆರಗಿಗೆ ಒರೆಸಿ, ರುಜು ಮಾಡಿ ಕುಳಿತರು. ಕೋರಂ ಆಯಿತು. ಅಧಿಕಾರಿಗಳು ಅಭ್ಯಾಸಬಲದಿಂದ ಬನ್ನಿನ ಪೊಟ್ಟಣ ಬಿಚ್ಚಲು ಹೋಗಿ, ಕೈ ಹಿಂದೆಗೆದುಕೊಂಡರು.

ಯಜಮಾನರು ಬೀಗದ ಕೈ ಹಿಡಿದುಕೊಂಡೇ ಬಾಗಿಲಿಗೆ ಬಂದರು.

"ನಾವು ಬಹಿಷ್ಕಾರ ಆಕಿರೋದು ಗೊತ್ತಿಲ್ವೇನಮ್ಮಿ ನಿಂಗೆ? ಏಳು, ಮನ್ಗೆ ಓಗನ."

"ಆಕಿರೋರು ನೀವು ಕಣ. ನಾನು ಮುಯ್ಯ ತೀರ್ಸಕ್ ಬಂದಿವ್ನಿ. ಬುಟ್ಟು ಬಾ ಅಂದ್ರೆ ಬತ್ತೀನಿ. ಮುಂದಿನ್ ವರ್ಸ ಊವ ನೀವೊಬ್ರೇ ಕುಯ್ಕೊಳಿ."

ಯಜಮಾನರು ತಮ್ಮ ಪಕ್ಷದವರ ಕಡೆ ತಿರುಗಿ ನೋಡಿದರು. ಅಲ್ಲಿದ್ದವರೆಲ್ಲರಿಗೂ ಚೆಂಡುಹೂವಿನ ಹೊಲಗಳಿದ್ದವು. ಎಲ್ಲರೂ ಟೀ ಲೋಟವನ್ನು ಬಹಳ ಗಮನವಿಟ್ಟು ನೋಡತೊಡಗಿದರು. ಅಧಿಕಾರಿಗಳು ಎದ್ದು, "ತಾವು ಸದಸ್ಯರೇ?" ಎಂದು ವಿನಯದಿಂದಲೇ ಕೇಳಿದರು. ಯಜಮಾನರು ಸ್ವಲ್ಪ ಯೋಚಿಸಿ, ಅಲ್ಲವೆಂದರು. ಆ ಸತ್ಯವು ಅವರಿಗೂ ಅಂದೇ ತಿಳಿದಂತಿತ್ತು.

ಸಭೆಯೇನೂ ಸುಸೂತ್ರವಾಗಿ ನಡೆಯಲಿಲ್ಲ. ಬಾಯಿ ತಮ್ಮದೇ ಎಂದಿದ್ದ ಅಕ್ಕ ಅದನ್ನು ಪೂರ್ತಿಯಾಗಿ ಬಳಸಿದರು. ತಮ್ಮ ಬೀದಿಯ ಚರಂಡಿ ಕಟ್ಟಿಕೊಂಡು ಎಷ್ಟು ಕಾಲವಾಯಿತೆಂದು ನನ್ನನ್ನು ನಿಲ್ಲಿಸಿ ಕೇಳಿದರು, ಉತ್ತರ ಸರಿಯಿಲ್ಲವೆಂದು ಮತ್ತೆ ನಿಲ್ಲಿಸಿದರು. ಮೋಟಾರಿಗೆ ಕೈ ಎತ್ತುವ ಮುನ್ನ ಮುಂದಿನ ಸಭೆಯ ಮೊದಲ ವಿಷಯ ಚರಂಡಿಯೇ ಎಂದು ನನ್ನ ಬಾಯಿಂದ ಹೇಳಿಸಿಕೊಂಡರು. ನಿರ್ಣಯ ಅಂಗೀಕಾರವಾಯಿತು.

ಹೊಸ ಮೋಟಾರು ಇಳಿದ ದಿನ ಕೆಳಗಿನ ಬೀದಿಯ ನಲ್ಲಿಯಲ್ಲಿ ಮೊದಲು ಗಾಳಿ ಬಂತು, ಆಮೇಲೆ ಕೆಂಪು ನೀರು, ಆಮೇಲೆ ತಿಳಿ ನೀರು. ನಾನು ಕೊಡ ಹಿಡಿದು ಹೋದಾಗ ಮುಂದಿದ್ದ ಹೆಂಗಸು ಪಕ್ಕಕ್ಕೆ ಸರಿಯಲಿಲ್ಲ, ಸಾಲಿನಲ್ಲಿ ನಿಲ್ಲುವಂತೆ ಗದರಿದಳು. ನನಗೆ ಆದ ಸಂತೋಷವನ್ನು ಪತ್ರದ ಭಾಷೆಯಲ್ಲಿ ಹೇಳಲು ಬಾರದು.

ಮುಂದಿನ ಸಭೆಗೆ ಎದುರು ಪಕ್ಷದ ಸದಸ್ಯೆಯರೆಲ್ಲರೂ ಬಂದರು, ಚರಂಡಿಯ ವಿಷಯದಲ್ಲಿ ನನ್ನನ್ನು ಒಟ್ಟಾಗಿ ಬೈದರು. ಗಂಡಂದಿರು ಎರಡೂ ಟೀ ಅಂಗಡಿಗಳಲ್ಲಿ ಕುಳಿತು ಕಾಯುತ್ತಿದ್ದರು. ಈಗ ಬೀಗದ ಕೈ ಅಕ್ಕನ ಸೊಂಟದಲ್ಲಿರುತ್ತದೆ.

ಆದಕಾರಣ, ಇದರಲ್ಲಿ ಕಂಡುಬರುವ ತಪ್ಪುಗಳನ್ನು ದಯಮಾಡಿ ತಿದ್ದಿಕೊಡಬೇಕೆಂದು ಕೋರುತ್ತೇನೆ. ತಿದ್ದಿದವರ ಮುಯ್ಯಿ ನನ್ನ ಮೇಲಿರುತ್ತದೆ. ತಮ್ಮಲ್ಲಿ ಹೂವಿನ ಹೊಲವಿದ್ದರೆ ಕೊಯ್ಲಿನ ದಿನ ತಿಳಿಸಿದಲ್ಲಿ ಖುದ್ದಾಗಿ ಹಾಜರಾಗುತ್ತೇನೆ.