ಲೋಹಿತಾಕ್ಷ ಫ್ರೀ ಆದದ್ದು

ದುಬೈಯ ಉಡುಪಿಯವರ ಬಾಸ್ಕೆಟ್‌ಬಾಲ್ ತಂಡಕ್ಕೆ ಲೋಹಿತಾಕ್ಷನನ್ನು ಸೇರಿಸಿಕೊಂಡದ್ದು ಅವನ ಎತ್ತರ ನೋಡಿಯೇ ಹೊರತು ಆಟ ನೋಡಿ ಅಲ್ಲ. "ಆಫೀಸಲ್ಲಿ ಬಲ್ಬ್ ಹಾಕಲಿಕ್ಕೂ ನನ್ನನ್ನೇ ಕರೆಯುವುದು" ಎಂದು ಅವನೇ ಹೇಳಿಕೊಂಡು ನಗುತ್ತಿದ್ದ. ಎರಡು ವರ್ಷ ಬೆಂಚಿನ ಮೇಲೆ ಕುಳಿತದ್ದೇ ಹೆಚ್ಚು. ಆದರೆ ಶುಕ್ರವಾರ ಆಟ ಮುಗಿದ ಮೇಲೆ ಎಲ್ಲರೂ ಕರಾಮಾದ ಹೋಟೆಲಿಗೆ ಊಟಕ್ಕೆ ಹೋಗುತ್ತಿದ್ದರು. ಸತ್ವಾ ಬಡಾವಣೆಯ ತನ್ನ ಕೋಣೆಯಲ್ಲಿ ವಾರವಿಡೀ ಮಾತಾಡಲು ಒಂದು ಜನ ಇಲ್ಲದ ಅವನಿಗೆ ಆ ಊಟಕ್ಕಾಗಿಯೇ ಆಟ.

ಹೊಸ ಸೀಸನ್ನಿಗೆ ತಂಡ ಕಟ್ಟುವ ಹೊತ್ತಿಗೆ ಕ್ಯಾಪ್ಟನ್ ಪುರಂದರ ಫೋನ್ ಮಾಡಿದ.

"ಲೋಹಿತಾ, ಈ ಶುಕ್ರವಾರದಿಂದ ನೀನು ಫ್ರೀ ಮಾರಾಯ."

"ನಾನು ಯಾವಾಗ ಫ್ರೀ ಇಲ್ಲ ಪುರಂದರಣ್ಣ? ಎಷ್ಟು ಗಂಟೆಗೆ ಬರಬೇಕು?"

"ಹಾಗಲ್ಲ. ಕಾಲೇಜಲ್ಲಿ ಆಡಿದ ಇಬ್ಬರು ಹೊಸಬರು ಸಿಕ್ಕಿದ್ದಾರೆ. ನಿನ್ನನ್ನು ಬಿಟ್ಟಿದ್ದೇವೆ. ಇನ್ನು ನೀನು ಯಾವ ಟೀಮಿಗೂ ಹೋಗಬಹುದು."

"ಓ, ಆ ಫ್ರೀಯಾ," ಎಂದ ಲೋಹಿತಾಕ್ಷ. "ಆಗಲಿ, ಬೆಂಚಿಗೂ ಸ್ವಲ್ಪ ರೆಸ್ಟ್ ಬೇಕಲ್ಲ."

ಪುರಂದರ ನಕ್ಕ. ಆ ನಗುವಿನ ನಡುವೆಯೇ ಇವನು ಕೇಳಿದ:

"ಆಟ ಬಿಡಿ ಅಣ್ಣ. ಊಟಕ್ಕೆ ಬರಬಹುದಲ್ಲ?"

"ಕಾರಲ್ಲಿ ಜಾಗ ಸಾಕಾಗುವುದಿಲ್ಲ ಮಾರಾಯ. ನೋಡುವ."

ಊರಿನವರ ಬಾಯಲ್ಲಿ 'ನೋಡುವ' ಎಂದರೆ ಏನೆಂದು ಅವನಿಗೆ ಬಿಡಿಸಿ ಹೇಳಬೇಕಿರಲಿಲ್ಲ.

ಶುಕ್ರವಾರ ಅವನು ಬಸ್ಸು ಹಿಡಿದು ಒಬ್ಬನೇ ಅದೇ ಹೋಟೆಲಿಗೆ ಹೋದ. ಮೂಲೆಯ ಮೇಜಿನ ಮುಂದೆ ಕುಳಿತು ಬೇಗಬೇಗ ಉಂಡ. ತಂಡದವರು ಬಂದು, ಅವನನ್ನು ಕಂಡು, ಸರಿದು ಜಾಗ ಮಾಡಿಕೊಡುವ ಮುಜುಗರ ಬೇಡವೆಂದು ಅವರು ಬರುವ ಮೊದಲೇ ಎದ್ದು ಕೈ ತೊಳೆದ.