ಬ್ರೂನೋನ ಆಪರೇಷನ್

ಇವತ್ತು ಬೆಳಿಗ್ಗೆ ಹಾಲು ತರಲು ಹೋದಾಗ ಎದುರುಮನೆಯ ನಾಯಿ ಕೊರಳಿಗೆ ದೊಡ್ಡ ಲಾಳಿಕೆಯಂಥ ಪ್ಲಾಸ್ಟಿಕ್ ಕವಚ ತೊಟ್ಟು ಗೇಟಿಗೆ ಡಿಕ್ಕಿ ಹೊಡೆಯುತ್ತಿತ್ತು. ಆಪರೇಷನ್ ಆದ ನಾಯಿ ಹೊಲಿಗೆ ನೆಕ್ಕದಿರಲಿ ಅಂತ ಅದನ್ನು ಹಾಕುತ್ತಾರೆ, ನೀವೂ ನೋಡಿರುತ್ತೀರಿ. ಗಂಡುನಾಯಿ, ಬೀಜ ತೆಗೆಸಿದ್ದಾರೆ ಅಂತ ಕೇಳದೆಯೇ ಗೊತ್ತಾಯಿತು. ನಗು ಬರಬೇಕಾದ ದೃಶ್ಯ. ನಾನು ಮಾತ್ರ ಹಾಲಿನ ಪ್ಯಾಕೆಟ್ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ.

ಕೆಲವು ವರ್ಷಗಳ ಹಿಂದೆ ನಮ್ಮ ಹಲಸೂರಿನ ಮನೆಗೆ ನಾಯಿ ಬ್ರೂನೋನೇ ರಾಜಕುಮಾರ. ಇಂಗ್ಲಿಷ್ ಹೆಸರು ನಾಲಿಗೆಗೆ ಹೊರಳದೆ ನನ್ನ ಅತ್ತೆ ಅವನನ್ನು ಬೂನಪ್ಪ ಅನ್ನುತ್ತಿದ್ದರು. ನನ್ನನ್ನು ಕರೆಯುವುದಕ್ಕಿಂತ ಎಷ್ಟೋ ಮೆತ್ತಗೆ ಕರೆಯುತ್ತಿದ್ದರು. ನಾಯಿಯ ಮೇಲೆ ಹೊಟ್ಟೆಕಿಚ್ಚು ಪಟ್ಟವಳು ಆ ಬೀದಿಯಲ್ಲಿ ನಾನೊಬ್ಬಳೇ ಇರಬೇಕು.

ನಮಗೆ ಮಕ್ಕಳಿಲ್ಲ. ಮದುವೆಯಾದ ಸ್ವಲ್ಪ ಕಾಲಕ್ಕೇ ಪರೀಕ್ಷೆ ಮಾಡಿಸಿಕೊಂಡಿದ್ದೆವು. ಕೊರತೆ ನನ್ನ ಗಂಡನಲ್ಲಿತ್ತು. ಅವರು ಮುಖ ಬಾಡಿಸಿಕೊಂಡು ಕೂತದ್ದನ್ನು ನೋಡಲಾರದೆ, ಅತ್ತೆಗೆ ಹೇಳುವುದು ಬೇಡ ಅಂತ ನಾನೇ ಅಂದೆ. ಅತ್ತೆ ಕೊರತೆ ನನ್ನದೇ ಅಂದುಕೊಂಡರು. ಶನಿವಾರ ಬಂತೆಂದರೆ ಕೆರೆ ಹತ್ತಿರದ ಅಶ್ವತ್ಥಕಟ್ಟೆಗೆ ಕರೆದುಕೊಂಡು ಹೋಗಿ ಪ್ರದಕ್ಷಿಣೆ ಹಾಕಿಸುತ್ತಿದ್ದರು. ಮನೆಗೆ ಬಂದು ನನ್ನ ಮಣಿಕಟ್ಟಿಗೆ ಅರಿಸಿನದ ದಾರ ಕಟ್ಟುತ್ತಿದ್ದರು. ಹಳೆಯ ದಾರ ಜೀರ್ಣವಾದರೆ ಹೊಸದು. ನಾನು ಕೈ ಚಾಚುತ್ತಿದ್ದೆ, ಗಂಡ ಪೇಪರು ಓದುತ್ತಿದ್ದರು.

ಇಂಥ ಮನೆಗೆ ಕುಕ್ ಟೌನಿನ ಫಿಲೋಮಿನಾ ಆಂಟಿ ತಮ್ಮ ಹೆಣ್ಣುನಾಯಿಗೆ ಗಂಡು ನೋಡಲು ಬಂದರು. ಅತ್ತೆ ರೇಷ್ಮೆ ಸೀರೆ ಉಟ್ಟು ಕೇಸರಿಬಾತ್ ಮಾಡಿದ್ದರು ಅಂದರೆ ನೀವು ನಂಬಬೇಕು. ಮರಿಗಳಲ್ಲಿ ಮೊದಲ ಆಯ್ಕೆ ಗಂಡುನಾಯಿಯ ಮನೆಯವರಿಗೆ. ಅದು ನಾಯಿ ಸಾಕುವವರ ಪದ್ಧತಿ. "ಫಸ್ಟ್ ಮರಿ ನಿಮ್ದೇ ಮಾ," ಅಂದರು ಆಂಟಿ. "ಒಂದ್ಸಲ ಡಾಕ್ಟರ್‌ಗೆ ತೋರ್ಸಿಬಿಡಿ, ಆಮೇಲೆ ಡೇಟ್ ಫಿಕ್ಸ್ ಮಾಡೋಣ." ಅತ್ತೆ ಆಗಲೇ ಮರಿಗೆ ಹೆಸರು ಹುಡುಕತೊಡಗಿದ್ದರು.

ನಾಯಿ ಡಾಕ್ಟರು ಬ್ರೂನೋನನ್ನು ಮೇಜಿನ ಮೇಲೆ ನಿಲ್ಲಿಸಿ ತಡಕಿ ನೋಡಿದರು. "ಇವನಿಗೆ ಒಂದು ಬೀಜ ಕೆಳಗಿಳಿದೇ ಇಲ್ಲ, ಹೊಟ್ಟೆಯೊಳಗೇ ಉಳ್ಕೊಂಡಿದೆ. ಹಾಗೇ ಬಿಟ್ರೆ ಮುಂದೆ ಗಡ್ಡೆಯಾಗಬಹುದು. ಎರಡೂ ತೆಗೆಸಿಬಿಡಿ. ಮರಿ ಮಾತ್ರ ಬೇಡ, ಅವಕ್ಕೂ ಇದೇ ಬರಬಹುದು."

ಮನೆ ಹತ್ತಿರ ಬಂದಾಗ ನನ್ನ ಗಂಡ, "ಇವನಿಗೂ ಮರಿ ಬೇಡ ಅಂದ್ರೆ ಹೇಗೆ?" ಅಂದರು. ಆಮೇಲೆ ಡಾಕ್ಟರು ಫೋನ್ ಮಾಡಿದಾಗಲೆಲ್ಲ "ಸ್ವಲ್ಪ ದಿನ ನೋಡೋಣ ಸರ್" ಅನ್ನುವುದೇ ಆಯಿತು. ಗಂಡನನ್ನು ಕಂಡರೆ ಮರುಕ, ಬ್ರೂನೋನನ್ನು ಕಂಡರೆ ಭಯ. ಅವನು ಸ್ವಲ್ಪ ಸುಸ್ತಾಗಿ ಮಲಗಿದರೂ ಹೊಟ್ಟೆ ಮುಟ್ಟಿ ನೋಡುತ್ತಿದ್ದೆ.

ಅತ್ತೆ ಮಾತ್ರ ಕಂಗೆಡಲಿಲ್ಲ. "ಹರಕೆ ಹೊತ್ಕೊಂಡ್ರೆ ಅದೂ ಇಳಿಯುತ್ತೆ," ಅಂದವರೇ ಶನಿವಾರ ಬ್ರೂನೋನನ್ನೂ ಕಟ್ಟೆಗೆ ಕರೆದುಕೊಂಡು ಹೋದರು. ಪ್ರದಕ್ಷಿಣೆ ಮುಗಿಸಿ ಬಂದು ಹಜಾರದಲ್ಲಿ ಕೂತು ಅವನ ಕೊರಳಪಟ್ಟಿಗೆ ಅರಿಸಿನದ ದಾರ ಕಟ್ಟಿದರು. ಅದೇ ಉಂಡೆಯ ದಾರ ನನ್ನ ಕೈಯಲ್ಲೂ ಇತ್ತು. ಬ್ರೂನೋ ಬಾಲ ಆಡಿಸುತ್ತಿದ್ದ.

ನನ್ನ ಗಂಡ ಪೇಪರು ಕೆಳಗಿಟ್ಟರು. ನಾಯಿಯನ್ನು ನೋಡಿದರು, ನನ್ನ ಕೈ ನೋಡಿದರು.

"ಅಮ್ಮಾ, ಬಿಚ್ಚು ಅದನ್ನ."

"ಯಾಕೋ? ನಿನ್ನ ಹೆಂಡ್ತಿಗೆ ಕಟ್ಟಿದಾಗ ಸುಮ್ಮನಿದ್ದೆ."

"ಸುಮ್ಮನಿದ್ದೆ. ಅವಳಿಗೇನೂ ಆಗಿಲ್ಲಮ್ಮ. ಕೊರತೆ ಇರೋದು ನನ್ನಲ್ಲಿ. ಮೊದಲಿಂದಲೂ ನನ್ನಲ್ಲೇ."

ಅತ್ತೆಯ ಕೈ ನಾಯಿಯ ಕೊರಳ ಮೇಲೆಯೇ ನಿಂತಿತು. ಯಾರೂ ಅಳಲಿಲ್ಲ. ನನ್ನ ಗಂಡ ನಾಯಿ ಡಾಕ್ಟರಿಗೆ ಫೋನ್ ಮಾಡಲು ಅಂಗಳಕ್ಕೆ ಹೋದರು. ಒಳಗೆ ಅತ್ತೆ ನನ್ನನ್ನು ಕೇಳಿದರು, "ಇಷ್ಟು ವರ್ಷ ಯಾಕಮ್ಮ ಬಾಯಿ ಬಿಡ್ಲಿಲ್ಲ?"

"ಅವರಿಗೆ ನೋವಾಗುತ್ತೆ ಅಂತ."

"ಮತ್ತೆ ನಿನಗೆ?"

ಆ ಮಾತನ್ನು ಅಲ್ಲಿಯವರೆಗೆ ನನಗೆ ಯಾರೂ ಕೇಳಿರಲಿಲ್ಲ. ನಾನೂ ಕೇಳಿಕೊಂಡಿರಲಿಲ್ಲ. ಒಲೆಯ ಮೇಲೆ ಸಾರು ಇದೆ ಅಂತ ಹೇಳಿ ಅಡುಗೆಮನೆಗೆ ಹೋದೆ.

ಆಪರೇಷನ್ ಸಲೀಸಾಗಿ ಆಯಿತು. ಬ್ರೂನೋ ಈಗ ಮುದುಕನಾಗಿ, ಗಡ್ಡೆಗಿಡ್ಡೆ ಏನೂ ಇಲ್ಲದೆ, ಅಡುಗೆಮನೆಯ ಹೊಸ್ತಿಲಿಗೆ ಅಡ್ಡ ಮಲಗಿ ಎಲ್ಲರಿಂದ ತುಳಿಸಿಕೊಳ್ಳುತ್ತಾನೆ. ಅತ್ತೆ ಹೋಗಿ ಎರಡು ವರ್ಷವಾಯಿತು. ಮೊನ್ನೆಮೊನ್ನೆಯವರೆಗೂ ನಾನು ನನ್ನ ಗಂಡನನ್ನು ದೊಡ್ಡ ಮನಸ್ಸಿನವರು ಅಂತಲೇ ನೆಂಟರೆದುರು ಹೊಗಳುತ್ತಿದ್ದೆ. ಅವರು ಸತ್ಯ ಹೇಳಿದ್ದೂ ನಿಜವೇ. ಆದರೆ ಅತ್ತೆಯ ಪ್ರಶ್ನೆಗೆ ಉತ್ತರ ಬಾಕಿ ಇತ್ತು, ಅದನ್ನು ಕೇಳಿಸಿಕೊಳ್ಳಬೇಕಾದವರು ಇನ್ನೂ ಮನೆಯಲ್ಲೇ ಇದ್ದರು.

ಇವತ್ತು ಮನೆಗೆ ಬಂದು, ಹಾಲು ಕಾಯಿಸಿ ಗಂಡನಿಗೆ ಕಾಫಿ ಕೊಟ್ಟೆ. ಅವರು ಕುಡಿದು ಲೋಟ ಕೆಳಗಿಡುವವರೆಗೆ ಎದುರಿಗೇ ಕೂತಿದ್ದೆ.

"ನನಗೂ ತುಂಬ ನೋವಾಗಿತ್ತು ರೀ," ಅಂದೆ.