ಬೋಗಾದಿಯ ಶೆಡ್ಡಿಗೆ ಒಂದು ಹೊಸ ನಿಯಮ

ಮದುವೆಯಾಗಿ ಧಾರವಾಡದಿಂದ ಮೈಸೂರಿಗೆ ಬಂದ ಮರುದಿನ ಬೆಳಿಗ್ಗೆ ಅಡುಗೆಮನೆಗೆ ಹೋದರೆ, ಒಲೆಯ ಉರಿಯ ಮೇಲೆ ತಾಮ್ರದ ದೊಡ್ಡ ಬಳೆಯಂಥದೊಂದು ಕೆಂಪಗೆ ಕಾಯುತ್ತಿತ್ತು. ನನ್ನ ಗಂಡ ಪ್ರಕಾಶ್ ದೀಪ ಆರಿಸಿ, ಇಕ್ಕಳ ಹಿಡಿದು, ಅದನ್ನೇ ನೋಡುತ್ತ ನಿಂತಿದ್ದರು.

"ಒಲಿ ಮ್ಯಾಲ ಏನ್ರೀ ಇದು?"

"ಗ್ಯಾಸ್ಕೆಟ್ಟು. ಮಾತಾಡಿಸ್ಬೇಡ, ಬಣ್ಣ ತಪ್ಪೋಗುತ್ತೆ."

ಹಿಂದಿನಿಂದ ಅತ್ತೆ, "ಅಭ್ಯಾಸ ಮಾಡ್ಕೊ ಕಣಮ್ಮ. ಈ ಮನೇಲಿ ಎಂಜಿನ್ ತಿಂಡಿ ಆದ್ಮೇಲೇ ನಮ್ಮ ತಿಂಡಿ" ಎಂದರು.

ಮನೆ ಯಾದವಗಿರಿಯಲ್ಲಿ, ಇವರ ಶೆಡ್ಡು ಬೋಗಾದಿಯಲ್ಲಿ. ಅಲ್ಲಿ ರಾಷ್ಟ್ರೀಯ ಮಟ್ಟದ ಬೈಕ್ ರೇಸುಗಳಿಗೆ ಎಂಜಿನ್ ಸಿದ್ಧಪಡಿಸುತ್ತಾರೆ. ಗ್ಯಾಸ್ಕೆಟ್ ಎಂದರೆ ಎಂಜಿನ್ನಿನ ತಲೆಗೂ ಮೈಗೂ ನಡುವೆ ಕೂರುವ ತೆಳು ತಾಮ್ರ. ಕಾಯಿಸಿ ನೀರಿಗದ್ದಿದರೆ ಮೆತ್ತಗಾಗುತ್ತದೆ. ಮೆತ್ತಗಾದದ್ದನ್ನು ಬಿಗಿದರೆ ಇನ್ನಷ್ಟು ತೆಳುವಾಗಿ, ಒಳಗೆ ಉರಿಯುವ ಜಾಗ ಕೂದಲೆಳೆಯಷ್ಟು ಕಿರಿದಾಗಿ, ಬೈಕು ಮುಂದೆ ನುಗ್ಗುತ್ತದೆ. ಕಂಪನಿಯ ಗ್ಯಾಸ್ಕೆಟ್ಟನ್ನೇ ಹಾಕಬೇಕು, ಕತ್ತರಿಸಬಾರದು, ಉಜ್ಜಬಾರದು ಎಂದು ನಿಯಮವಿದೆ. ಕಾಯಿಸುವ ಬಗ್ಗೆ ಒಂದಕ್ಷರವೂ ಇಲ್ಲ.

"ಬರ್ದಿಲ್ಲ ಅಂದ್ಮೇಲೆ ಮಾಡ್ಬೋದು ಅಂತ್ಲೇ ಅರ್ಥ," ಎನ್ನುತ್ತಿದ್ದರು ಪ್ರಕಾಶ್.

ಈ ಊರು ನನಗೆ ಬೇಗ ಒಗ್ಗಲಿಲ್ಲ. ಸಾರಿಗೂ ಬೆಲ್ಲ. ನಾನು ಬಾಯಿ ತೆರೆದರೆ ಪಕ್ಕದ ಮನೆಯವರು, "ಇನ್ನೊಂದ್ಸಲ ಹೇಳ್ರೀ, ಕೇಳೋಕೆ ಮಜವಾಗಿದೆ" ಎನ್ನುತ್ತಿದ್ದರು. ನಮ್ಮ ಕಡೆ ಸಿಟ್ಟು ಬಂದರೆ ಅಂಗಳದಲ್ಲೇ ನಿಂತು ಏಕವಚನದಲ್ಲಿ ಬೈದು, ಸಂಜೆಗೆ ಚಹಾ ಕುಡಿಸುತ್ತಾರೆ. ಇಲ್ಲಿ ಬಹುವಚನದಲ್ಲೇ, ನಗುನಗುತ್ತ ಚುಚ್ಚುತ್ತಾರೆ. ಮಧ್ಯಾಹ್ನಗಳಲ್ಲಿ ಮಾತಿಗೆ ಯಾರೂ ಸಿಗದೆ ತಾಮ್ರ ಕಾಯಿಸುವುದನ್ನು ಕಲಿತೆ. ರೊಟ್ಟಿ ಎಲ್ಲಿ ಉಬ್ಬುತ್ತದೆಂದು ಕಾಯುವ ಕಣ್ಣಿಗೆ ಅದೇನೂ ಕಷ್ಟವಾಗಲಿಲ್ಲ. ಹಣ್ಣು ಟೊಮೆಟೊ ಬಣ್ಣ ದಾಟುವ ಮೊದಲೇ ಎತ್ತಬೇಕು. "ನಿನ್ನಷ್ಟು ಚೆನ್ನಾಗಿ ನಂಗೂ ಬರಲ್ಲ" ಎಂದು ಇವರು ಹೇಳಿದ ದಿನ, ನಾನೂ ಮೈಸೂರಿನವಳಾದೆ ಅಂದುಕೊಂಡೆ.

ಕಳೆದ ಸೀಸನ್ನಿನಲ್ಲಿ ನಮ್ಮ ಎಂಜಿನ್ ಗೆಲ್ಲುತ್ತಲೇ ಹೋಯಿತು. ಚಾಂಪಿಯನ್ ಪಟ್ಟ ಸಿಕ್ಕರೆ ದೊಡ್ಡ ತಂಡವೊಂದು ತನ್ನ ಎಂಜಿನ್ನುಗಳನ್ನೆಲ್ಲ ಇವರಿಗೇ ಒಪ್ಪಿಸುವುದಿತ್ತು. ಮೋಸವೆಂದು ತೀರ್ಮಾನವಾದರೆ ಲೈಸೆನ್ಸೂ ಹೋಗಿ ಶೆಡ್ಡಿಗೆ ಬೀಗ. ಕೊನೆಯ ರೇಸಿನ ಬಳಿಕ ಕೃಷ್ಣಮೂರ್ತಿಪುರಂನ ನಂಜುಂಡಸ್ವಾಮಿ ತಕರಾರು ಹಾಕಿದರು. ಎದುರಾಳಿ ತಂಡದ ಎಂಜಿನ್ ಸಿದ್ಧಪಡಿಸಿದ್ದು ಅವರೇ. ಪರೀಕ್ಷಕರು ಸೀಲು ಹಾಕಿದ ನಮ್ಮ ಎಂಜಿನ್ನನ್ನು ಬೋಗಾದಿಗೇ ತಂದು ಬಿಚ್ಚಿದರು. ನಾನು ಫ್ಲಾಸ್ಕಿನಲ್ಲಿ ಕಾಫಿ ಒಯ್ದಿದ್ದೆ.

ಹಿರಿಯ ಪರೀಕ್ಷಕರು ಗ್ಯಾಸ್ಕೆಟ್ಟನ್ನು ಬೆಳಕಿಗೆ ಹಿಡಿದರು. "ಇದನ್ನ ಕಾಯಿಸಿದೀರಾ ಪ್ರಕಾಶ್?"

ಬರೆದಿಲ್ಲದ್ದನ್ನು ತಪ್ಪು ಅನ್ನುವುದು ಹೇಗೆ ಎಂದು ಇವರು ವಾದಿಸುತ್ತಾರೆಂದು ಕಾದೆ. ಮನೆಯಲ್ಲಿ ಅದೇ ವಾದವನ್ನು ಎಷ್ಟು ಸಲ ಕೇಳಿದ್ದೆ! ಇವರು ನನ್ನತ್ತ ತಿರುಗಿದರು.

"ನಂಗೊತ್ತಿಲ್ಲ ಸಾರ್. ತೊಳೆಯೋಕೆ ಮನೇಗೆ ಕಳ್ಸಿದ್ದೆ. ನಮ್ಮನೆಯವ್ರು ಒಲೆ ಮೇಲಿಟ್ಟು ಒಣಗ್ಸಿರ್ಬೇಕು. ಪಾಪ, ಅವ್ಳಿಗೆ ಇದೆಲ್ಲ ತಿಳಿಯಲ್ಲ."

"ಹೌದೇನಮ್ಮ?"

ಶೆಡ್ಡು ಇವರ ಪ್ರಾಣ. "ಹೌದ್ರೀ" ಎಂದೆ.

ನಂಜುಂಡಸ್ವಾಮಿ ಕೈಮುಗಿದರು. "ಬುಡಿ ಸಾರ್, ದೋಸೆ ಅಂತ ಹುಯ್ದ್ಬುಟ್ಟಿದಾರೆ. ಅಮ್ಮಾವ್ರೇ, ಚಟ್ನಿನೂ ರುಬ್ಬಿದ್ರಾ?"

ಎಲ್ಲರೂ ನಕ್ಕರು. ಎಲ್ಲರಿಗಿಂತ ಕೊನೆಗೆ ನಗು ನಿಲ್ಲಿಸಿದವರು ನನ್ನ ಗಂಡ.

ಮೋಸವಲ್ಲ, ಮನೆಯವಳ ತಪ್ಪು ಎಂದು ತೀರ್ಮಾನವಾಗಿ ಪಟ್ಟ ಹೋಯಿತು, ಲೈಸೆನ್ಸ್ ಉಳಿಯಿತು. ಸ್ಕೂಟರಿನಲ್ಲಿ ಮನೆಗೆ ಬರುವಾಗ ಇವರು, "ಶೆಡ್ ಉಳೀತಲ್ಲ, ಮುಖ ಯಾಕೆ ಸಣ್ಣ ಮಾಡ್ಕೋತೀಯ?" ಎಂದರು. ಸುದ್ದಿ ಧಾರವಾಡಕ್ಕೂ ಮುಟ್ಟಿತು. ಅವ್ವ ಫೋನಿನಲ್ಲಿ ನಿಟ್ಟುಸಿರಿಟ್ಟಳು: "ಅಳಿಯಂದ್ರ ಕೆಲಸಕ್ಕ ಕೈ ಹಾಕೂದು ನಿನಗ್ಯಾಕ ಬೇಕಿತ್ತವಾ? ಪಾಪ, ಅವರಿಗೆಷ್ಟು ನಷ್ಟ!" ನಿಜ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವಳು, "ಕ್ಷಮಾ ಕೇಳು" ಎಂದು ಫೋನಿಟ್ಟಳು.

ಈ ವರ್ಷ ನಿಯಮ ತಿದ್ದಿದ್ದಾರೆ. ಕಾಯಿಸುವ ಬಗ್ಗೆ ಈಗಲೂ ಒಂದಕ್ಷರವಿಲ್ಲ. ಎಂಜಿನ್ ಸಿದ್ಧಪಡಿಸುವವರ ಮನೆಮಂದಿ ಬಿಡಿಭಾಗ ಮುಟ್ಟಕೂಡದು, ಶೆಡ್ಡಿನೊಳಗೆ ಕಾಲಿಡಕೂಡದು ಎಂದಷ್ಟೇ ಸೇರಿಸಿದ್ದಾರೆ. ತವರಿನವರಿಗೆ ನಾನು ಗಂಡನ ಮನೆ ಕೆಡಿಸಿದವಳು. ಮೈಸೂರು ಮಾತ್ರ ನನ್ನನ್ನು ಮರೆಯಲಿಲ್ಲ. ನನಗೆಂದೇ ಒಂದು ಸಾಲು ಬರೆದು, ಬಾಗಿಲ ಹೊರಗೆ ನಿಲ್ಲಿಸಿದೆ.